ಕೇತಿ ಕಣಿವೆಯ ಹಟ್ಟಿಯಲ್ಲಿ

ಬೆಳಗಿನ 7.10ಕ್ಕೆ ಮೆಟ್ಟುಪಾಳ್ಯಂ ಬಿಟ್ಟ ನಮ್ಮ ರೈಲಿಗೆ ಎಂಜಿನ್ ಹಿಂದುಗಡೆ ಇತ್ತು. ನೀಲಗಿರಿ ಏರುವಾಗ ಅದು ಡಬ್ಬಿಗಳನ್ನು ಎಳೆಯುವುದಿಲ್ಲ, ಬೆನ್ನಿಗೆ ನಿಂತು ತಳ್ಳುತ್ತದೆ.

ಕಲ್ಲಾರ್ ದಾಟುತ್ತಲೇ ಸದ್ದು ಬದಲಾಯಿತು. ಅಲ್ಲಿಂದ ಕೂನೂರಿನವರೆಗೆ ಹಳಿಗಳ ನಡುವೆ ಹಲ್ಲುಗಳಿರುವ ಎರಡು ಉಕ್ಕಿನ ಪಟ್ಟಿಗಳಿವೆ. ಎಂಜಿನ್ನಿನ ಹಲ್ಲುಗಾಲಿ ಅವನ್ನು ಕಚ್ಚಿ ಹತ್ತುತ್ತದೆ. ಎರಡು ಪಟ್ಟಿಗಳ ಹಲ್ಲುಗಳು ಒಂದರ ಪಕ್ಕ ಒಂದು ಬಾರದಂತೆ ಜೋಡಿಸಿರುವುದರಿಂದ ಹಿಡಿತ ಒಂದು ಕ್ಷಣವೂ ಸಡಿಲುವುದಿಲ್ಲ. ಕಡಿದಾದ ಕಡೆ ಹನ್ನೆರಡು ಅಡಿಗೆ ಒಂದು ಅಡಿ ಏರು! ಪ್ರತಿ ಡಬ್ಬಿಯ ಮುಂದೆ ಬ್ರೇಕಿನವರು ಬಿಸಿಲು, ಮಂಜು, ಹೊಗೆಗಳಲ್ಲಿ ನಿಂತೇ ಬರುತ್ತಾರೆ. 1899ರಲ್ಲಿ ಕೂನೂರಿಗೆ, 1908ರಲ್ಲಿ ಊಟಿಗೆ ಮುಟ್ಟಿದ ಈ 46 ಕಿಲೋಮೀಟರ್ ದಾರಿಗೆ 2005ರಲ್ಲಿ ವಿಶ್ವ ಪರಂಪರೆಯ ಮನ್ನಣೆ ಸಿಕ್ಕಿತು. ನನಗಂತೂ ಆ ಬ್ರೇಕಿನವರನ್ನು ಕಂಡಾಗಲೇ ಕೈಮುಗಿಯುವ ಹಾಗಾಯಿತು.

ಕೂನೂರಿನಲ್ಲಿ ಡೀಸೆಲ್ ಎಂಜಿನ್ ಬಂತು. ಎಲ್ಲರೂ ಊಟಿಗೆ ಹೊರಟಿದ್ದರು. ನಾವು ಕೇತಿಯಲ್ಲಿ ಇಳಿದೆವು, ಪರಿಚಯದವರೊಬ್ಬರ ಹಟ್ಟಿಗೆ.

ಹಟ್ಟಿ ಎಂದರೆ ನೀಲಗಿರಿಯ ಬಡಗ ಜನರ ಊರು. ಗೋಡೆಗೆ ಗೋಡೆ ತಾಗಿ ಸಾಲಾಗಿ ನಿಂತ ಹಳೆಯ ಹೆಂಚಿನ ಮನೆಗಳು, ಮುಂದೆ ಎಲ್ಲರಿಗೂ ಸೇರಿದ ಅಂಗಳ. ನಡುನಡುವೆ ತಾರಸಿ ಮನೆಗಳೂ ಎದ್ದಿವೆ. ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಕ್ಯಾರೆಟ್ ಹೊಲ. ಬಡಗು ಎಂದರೆ ಉತ್ತರ. ಶತಮಾನಗಳ ಹಿಂದೆ ಮೈಸೂರು ಸೀಮೆಯಿಂದ ಹತ್ತಿ ಬಂದವರು ತಾವು ಎಂದು ಹಿರಿಯರು ಹೇಳುತ್ತಾರೆ.

ಅಂಗಳದಲ್ಲಿ ಹೆಂಗಸರು ಕ್ಯಾರೆಟ್ ಮೂಟೆ ಎಣಿಸುತ್ತಿದ್ದರು: "ಒಂದು, ಎರಡು, ಮೂರು, ನಾಕ್ಕು..." ತಮಿಳುನಾಡಿನ ಬೆಟ್ಟದ ಮೇಲೆ ಅದನ್ನು ಕೇಳಿ ನನಗೆ ಮಾತೇ ಹೊರಡಲಿಲ್ಲ. ಅವರಾಡುವ ಬಡಗವನ್ನು ಕನ್ನಡದ ಉಪಭಾಷೆ ಎಂದುಬಿಡುವವರಿದ್ದಾರೆ. ಬಡಗರಿಗೆ ಅದು ತಮ್ಮದೇ ಬೇರೆ ಭಾಷೆ, ನಾನೂ ಹಾಗೆಯೇ ಒಪ್ಪುತ್ತೇನೆ. ಅವರು ವೇಗವಾಗಿ ಮಾತಾಡಿದಾಗ ಅರ್ಧವೂ ನನಗೆ ತಿಳಿಯಲಿಲ್ಲ. ಆದರೆ ನಡುವೆ ಹಾಲು, ನೀರು, ಮನೆ ಎಂಬ ಮಾತುಗಳು ಹಾದುಹೋದಾಗಲೆಲ್ಲ ಕಿವಿ ನೆಟ್ಟಗಾಗುತ್ತಿತ್ತು.

ಅವರ ಕುಲದೇವತೆ ಹೆತ್ತೆ. ಅಜ್ಜಿಗೂ ಅದೇ ಮಾತಂತೆ. ನಮ್ಮ 'ಹೆತ್ತವರು' ನೆನಪಾಯಿತು. ಚಳಿಗಾಲದ ಹೆತ್ತೆ ಹಬ್ಬಕ್ಕೆ ಎಲ್ಲರೂ ಬಿಳಿಯುಟ್ಟು ನಡೆದು ಬರುತ್ತಾರೆ, ಆಗ ಬನ್ನಿ ಎಂದು ಮನೆಯ ಅಜ್ಜಿ ಚಹಾ ಕೊಡುತ್ತಾ ಕರೆದರು.

ಹೊರಡುವಾಗ ಅವರು ಮಣ್ಣು ಮೆತ್ತಿದ ಕ್ಯಾರೆಟ್ ಕಟ್ಟನ್ನು ಸೊಪ್ಪಿನ ಸಮೇತ ನನ್ನ ಚೀಲಕ್ಕೆ ತುರುಕಿದರು. ಊಟಿ ಮುಟ್ಟುವವರೆಗೂ ಚೀಲದಿಂದ ಹಸಿಮಣ್ಣಿನ ವಾಸನೆ ಬರುತ್ತಿತ್ತು.