5:30 ಎಂದರೆ 330 ಆಗುವ ಕಾನ್ಫಿಗ್ ಫೈಲು

ಬೆಂಗಳೂರಿನ ಟೈಮ್ ಜೋನ್ ಆಫ್‌ಸೆಟ್ ಎಂದು 5:30 ಬರೆದು ಪ್ರೋಗ್ರಾಂಗಳ ಸೆಟ್ಟಿಂಗ್ (ಕಾನ್ಫಿಗ್) ಬರೆಯುವ ಭಾಷೆಯಾದ ಯಾಮ್ಲ್ 1.1ರ ಪಾರ್ಸರ್‌ಗೆ, ಅಂದರೆ ಅದನ್ನು ಓದುವ ಪ್ರೋಗ್ರಾಂಗೆ, ಕೊಟ್ಟು ನೋಡಿ, ಸಿಗುವುದು 330. ಅದನ್ನು 60ರ ಮೂಲದ ಸಂಖ್ಯೆ ಎಂದುಕೊಂಡು 5×60+30 ಲೆಕ್ಕ ಹಾಕಿರುತ್ತದೆ. ಆವೃತ್ತಿ 1.10 ಕೂಡ ದಶಮಾಂಶವಾಗಿ 1.1 ಆಗಿಬಿಡುತ್ತದೆ. ಹೊಸ ಕಾನ್ಫಿಗ್ ಭಾಷೆ ಕಟ್ಟುವವರು ಕೋಟ್ಸ್ ಇಲ್ಲದ ಸ್ಟ್ರಿಂಗ್‌ಗೆ ಜಾಗವನ್ನೇ ಕೊಡಬಾರದು. ಎರಡು ಅಕ್ಷರ ಹೆಚ್ಚು ಟೈಪ್ ಮಾಡಿದರೆ ಯಾರ ಗಂಟೇನು ಹೋಗುತ್ತದೆ?

ಪಾತ್‌ಗಳದ್ದು, ಅಂದರೆ ಫೈಲು ಎಲ್ಲಿದೆ ಎಂದು ಹೇಳುವ ವಿಳಾಸಗಳದ್ದು, ಇನ್ನೂ ದೊಡ್ಡ ತಲೆನೋವು. ಫೈಲಿನೊಳಗೆ ಯಾವಾಗಲೂ / ಮಾತ್ರ ಇರಲಿ. ವಿಂಡೋಸ್‌ಗೆ ಬೇಕಾದ \ ಅನ್ನು ಟೂಲ್ ಹಾಕಿಕೊಳ್ಳಲಿ. ಲಿನಕ್ಸ್‌ನಲ್ಲಿ ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ ಬೇರೆ ಬೇರೆ. ಮ್ಯಾಕ್, ವಿಂಡೋಸ್‌ಗಳಲ್ಲಿ ಸಾಮಾನ್ಯವಾಗಿ ಒಂದೇ. ಕಾನ್ಫಿಗ್‌ನಲ್ಲಿ ಬರೆದ ಹೆಸರು ಡಿಸ್ಕ್‌ನಲ್ಲಿರುವ ಹೆಸರಿಗೆ ಅಕ್ಷರಶಃ ಹೊಂದದಿದ್ದರೆ ಮ್ಯಾಕ್‌ನಲ್ಲೂ ಎರರ್ ಕೊಡಿ. ಇಲ್ಲದಿದ್ದರೆ ಲ್ಯಾಪ್‌ಟಾಪ್‌ನಲ್ಲಿ ಓಡಿದ್ದು ಲಿನಕ್ಸ್ ಬಿಲ್ಡ್ ಸರ್ವರ್‌ನಲ್ಲಿ ಮುಗ್ಗರಿಸುತ್ತದೆ. ಕನ್ನಡದ ಫೈಲ್ ಹೆಸರಾದರಂತೂ ಕೇಳಲೇಬೇಡಿ: ‘ಕೊ’ದ ಸ್ವರಚಿಹ್ನೆ ಒಂದೇ ಕೋಡ್‌ಪಾಯಿಂಟ್ (ಯೂನಿಕೋಡ್‌ನಲ್ಲಿ ಒಂದು ಚಿಹ್ನೆಗೆ ಕೊಟ್ಟ ಸಂಖ್ಯೆ) ಆಗಿರಬಹುದು, ಎಕಾರ ಮತ್ತು ಊಕಾರದ ಚಿಹ್ನೆಗಳ ಜೋಡಿಯೂ ಆಗಿರಬಹುದು. ಕಣ್ಣಿಗೆ ಎರಡೂ ಒಂದೇ, ಲಿನಕ್ಸ್‌ಗೆ ಎರಡು ಫೈಲು. ಎರಡೂ ಬದಿಯ ಹೆಸರನ್ನು ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಇಂಥ ಜೋಡಿಗಳನ್ನು ಒಂದಾಗಿ ಕೂಡಿಸುವ ಯೂನಿಕೋಡ್ ರೂಪಕ್ಕೆ, ತಂದೇ ಹೋಲಿಸಿ.

ಪ್ಲಾಟ್‌ಫಾರ್ಮ್ ನೋಡಿ ಮೌಲ್ಯ ಆರಿಸುವ ಷರತ್ತು ಬೇಕೇ ಬೇಕು, ಆದರೆ ಅಲ್ಲಿಗೆ ನಿಲ್ಲಿಸಿ. ಬೇಜಲ್ ಎಂಬ ಬಿಲ್ಡ್ ಟೂಲ್ ಬಳಸುವ ಸ್ಟಾರ್‌ಲಾರ್ಕ್ ಭಾಷೆಯಲ್ಲಿ ವೈಲ್ ಲೂಪ್ ಇಲ್ಲ, ರಿಕರ್ಷನ್‌ಗೂ (ಫಂಕ್ಷನ್ ತನ್ನನ್ನೇ ಕರೆದುಕೊಳ್ಳುವುದಕ್ಕೂ) ಅವಕಾಶವಿಲ್ಲ. ಫೈಲು ಓದುವ ಕೆಲಸ ಕೊನೆಮೊದಲಿಲ್ಲದೆ ಸುತ್ತದಿರುವುದು ಅದರಿಂದಲೇ. ಗಡಿಯಾರ, ನೆಟ್‌ವರ್ಕ್ ಮುಟ್ಟಲೂ ಬಿಡಬೇಡಿ. ಗೊತ್ತಿಲ್ಲದ ಕೀ (ಸೆಟ್ಟಿಂಗ್‌ನ ಹೆಸರು) ಕಂಡರೆ ಸುಮ್ಮನೆ ದಾಟದೆ, ಸಾಲಿನ ಸಂಖ್ಯೆ ಸಮೇತ ನಿಲ್ಲಿಸಿ.