ಝೋಛೆಂ ಬೀದಿಗೆ ಎರಡನೆಯ ಸಲ

ನೇಪಾಳದ ಹೇಟೌಡಾ ಪಟ್ಟಣ ಹಿಂದಾಗಿ ತ್ರಿಭುವನ ರಾಜಪಥದ ತಿರುವುಗಳು ಶುರುವಾದಾಗ ಜೀಪಿನ ಚಾಲಕ, ಸಲೀಸಾದ ಬೇರೆ ದಾರಿ ಇರುವಾಗ ಇದೇ ಏಕೆ ಎಂದು ಮತ್ತೊಮ್ಮೆ ಕೇಳಿದ. 1988ರ ದಸರಾ ರಜೆಯಲ್ಲಿ ಹುಬ್ಬಳ್ಳಿಯ ನಾವು ನಾಲ್ವರು ಇಂಜಿನಿಯರಿಂಗ್ ವಿದ್ಯಾರ್ಥಿಗಳು ಹಳೆಯ ಡೀಸೆಲ್ ವ್ಯಾನೊಂದರಲ್ಲಿ ಸೊಲ್ಲಾಪುರ, ನಾಗಪುರ, ಜಬಲ್ಪುರ, ವಾರಾಣಸಿ, ಪಾಟ್ನಾಗಳನ್ನು ಹಾದು, ರಕ್ಸೌಲ್‌ನಲ್ಲಿ ಗಡಿ ದಾಟಿ ಕಠ್ಮಂಡುವಿಗೆ ಹತ್ತಿದ ದಾರಿ ಇದು. ಮೂವತ್ತಾರು ವರ್ಷಗಳ ಮೇಲೆ ಬರುವಾಗ ಬೇರೆ ದಾರಿ ಹಿಡಿಯಲು ನನಗೆ ಮನಸ್ಸಾಗಲಿಲ್ಲ.

ಆ ಪ್ರಯಾಣದ ಆಸೆ ಹುಟ್ಟಿದ್ದು ಗೋಕರ್ಣದಲ್ಲಿ. ನಾನು ಆರನೆಯ ತರಗತಿಯಲ್ಲಿದ್ದಾಗ ನಮ್ಮ ಪಕ್ಕದ ಮನೆಯ ಹಿತ್ತಿಲ ಕೋಣೆಯಲ್ಲಿ ಹಾಲೆಂಡಿನವನೊಬ್ಬ ಎರಡು ತಿಂಗಳು ಉಳಿದಿದ್ದ. ಊರಿಗೆಲ್ಲ ಅವನು ಹಿಪ್ಪಿ. ನಮ್ಮ ಅಜ್ಜಿಗೆ ಮಾತ್ರ ‘ಪಾಪದ ಮಾಣಿ’. ಹೊರಡುವ ದಿನ ಅವನು ಮಡಿಕೆಗಳಲ್ಲಿ ಹರಿದುಹೋಗಿದ್ದ ಭೂಪಟವೊಂದನ್ನು ನನ್ನ ಕೈಗಿತ್ತ. ಇಸ್ತಾಂಬುಲಿನಿಂದ ಟೆಹರಾನ್, ಹೆರಾತ್, ಕಾಬೂಲ್, ಪೇಶಾವರ, ಲಾಹೋರ್, ದೆಹಲಿಗಳ ಮೇಲೆ ಹಾದು ಕಠ್ಮಂಡುವಿನಲ್ಲಿ ನಿಲ್ಲುವ ಪೆನ್ಸಿಲ್ ಗೆರೆಯೊಂದು ಅದರಲ್ಲಿತ್ತು.

ಅರವತ್ತರ ದಶಕದ ಕೊನೆಯಿಂದ ಯೂರೋಪಿನ, ಅಮೆರಿಕದ ಸಾವಿರಾರು ತರುಣ ತರುಣಿಯರು ಆ ಗೆರೆಯ ಮೇಲೆ ನಡೆದಿದ್ದರು. ವಿಯೆಟ್ನಾಂ ಯುದ್ಧದ ಬಗ್ಗೆ ಅಸಹ್ಯಪಟ್ಟವರು, ಮನೆಯ ಸಿರಿವಂತಿಕೆಯಲ್ಲಿ ಉಸಿರುಗಟ್ಟಿದವರು, ಎಲ್‌ಎಸ್‌ಡಿ ಎಂಬ ಮಾದಕ ವಸ್ತು ತೆರೆದ ಬಣ್ಣಗಳ ಲೋಕಕ್ಕೆ ಪೂರ್ವದೇಶಗಳಲ್ಲಿ ಅರ್ಥ ಸಿಕ್ಕೀತೆಂದು ನಂಬಿದವರು, ಸುಮ್ಮನೆ ಅಗ್ಗದಲ್ಲಿ ಲೋಕ ನೋಡಹೊರಟವರು ಎಲ್ಲರೂ ಅದರಲ್ಲಿದ್ದರು. ಇಸ್ತಾಂಬುಲಿನ ಸುಲ್ತಾನಹ್ಮೆತ್‌ನಲ್ಲಿ 1957ರಲ್ಲಿ ತೆರೆದ ಪುಡ್ಡಿಂಗ್ ಶಾಪ್ ಎಂಬ ತಿಂಡಿಯಂಗಡಿ ಅವರ ತಂಗುದಾಣವಾಗಿತ್ತು; ಜೊತೆಗಾರರನ್ನು ಹುಡುಕುವವರು ಅಲ್ಲಿನ ಫಲಕಕ್ಕೆ ಚೀಟಿ ಅಂಟಿಸುತ್ತಿದ್ದರು. 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಯಿತು. ಆ ವರ್ಷದ ಕೊನೆಗೆ ಅಫ್ಘಾನಿಸ್ತಾನಕ್ಕೆ ಸೋವಿಯತ್ ಸೇನೆ ನುಗ್ಗಿತು. ದಾರಿ ಮುಚ್ಚಿತು. ನಾವು ಹೊರಡುವ ಹೊತ್ತಿಗೆ ಆ ಕಾಲವೇ ಮುಗಿದುಹೋಗಿತ್ತು, ಅದು ನಮಗೆ ಗೊತ್ತೂ ಇತ್ತು. ಆದರೂ ಗೆರೆಯ ಕೊನೆಯ ಬಿಂದುವನ್ನಾದರೂ ಮುಟ್ಟಬೇಕೆಂದು ಹುಬ್ಬಳ್ಳಿಯಿಂದ ನೀಲಿ ಶಾಯಿಯಲ್ಲಿ ನಮ್ಮದೇ ಒಂದು ಗೆರೆ ಎಳೆದುಕೊಂಡೆವು.

1956ರಲ್ಲಿ ಭಾರತದ ನೆರವಿನಿಂದ ಈ ರಾಜಪಥ ಪೂರ್ಣಗೊಳ್ಳುವವರೆಗೆ ಕಠ್ಮಂಡು ಕಣಿವೆಗೆ ವಾಹನ ಹೋಗುವ ರಸ್ತೆಯೇ ಇರಲಿಲ್ಲ. ರಾಣಾ ದೊರೆಗಳ ಮೋಟಾರು ಕಾರುಗಳನ್ನು ಹಮಾಲರು ಗಳುಗಳಿಗೆ ಕಟ್ಟಿ, ಹೆಗಲ ಮೇಲೆ ಬೆಟ್ಟ ಹತ್ತಿಸಿ ಇಳಿಸುತ್ತಿದ್ದರು. ಸುಮಾರು 2,500 ಮೀಟರ್ ಎತ್ತರದ ಸಿಂಭಂಜ್ಯಾಂಗ್ ಘಟ್ಟದ ನೆತ್ತಿಗೆ ಇನ್ನೂ ನಾಲ್ಕು ತಿರುವುಗಳಿರುವಾಗ ಅಂದು ನಮ್ಮ ವ್ಯಾನಿನ ರೇಡಿಯೇಟರ್ ಕುದಿಯಿತು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಬಾನೆಟ್ಟಿನಿಂದ ಏಳುತ್ತಿದ್ದ ಹಬೆ ಯಾವುದು, ಮಂಜು ಯಾವುದು ಎಂದು ತಿಳಿಯುತ್ತಿರಲಿಲ್ಲ. ಚಹದಂಗಡಿಯ ಹೆಂಗಸು ತಾನಾಗಿಯೇ ತಾಮ್ರದ ಗಾಗರಿಯಲ್ಲಿ ನೀರು ತಂದಿಟ್ಟು, ಎಂಜಿನ್ ಆರುವವರೆಗೆ ನಮ್ಮನ್ನು ಒಲೆಯ ಮುಂದೆ ಕೂರಿಸಿ, ಬೇಯಿಸಿದ ಆಲೂಗಡ್ಡೆಯ ಮೇಲೆ ಉಪ್ಪು, ಮೆಣಸಿನಪುಡಿ ಉದುರಿಸಿ ಕೊಟ್ಟಳು. ನಾವು ‘ದಿದಿ’ ಎಂದೆವು, ಅವಳು ‘ಭಾಯ್’ ಎಂದಳು. ಬೇರೆ ಭಾಷೆ ಬೇಕಾಗಲಿಲ್ಲ. ಈ ಸಲ ಆ ತಿರುವಿನಲ್ಲಿ ಜೀಪು ನಿಲ್ಲಿಸಿದೆ. ಅಂಗಡಿ ಇದ್ದ ಜಾಗದಲ್ಲಿ ಗುರಾಂಸ್, ಅಂದರೆ ರೋಡೋಡೆಂಡ್ರನ್ ಹೂವಿನ ಗಿಡಗಳು ಬೆಳೆದಿದ್ದವು.

ಅದೇ ರಾಜಪಥದ ಮೇಲಿನ ದಾಮನ್‌ನಲ್ಲಿ ರಾತ್ರಿ ಉಳಿದು, ಧವಳಗಿರಿಯಿಂದ ಪೂರ್ವದ ಕೊನೆಯವರೆಗೆ ಹಿಮದ ಸಾಲು ಬೆಳಗಿನಲ್ಲಿ ಕೆಂಪೇರುವುದನ್ನು ಕಂಡು, ಮಧ್ಯಾಹ್ನಕ್ಕೆ ಕಠ್ಮಂಡು ಸೇರಿದೆ.

ಝೋಛೆಂ ಎಂಬುದು ಬಸಂತಪುರ ಚೌಕದಿಂದ ದಕ್ಷಿಣಕ್ಕಿಳಿಯುವ ಕಿರಿದಾದ ಬೀದಿ. ಜಗತ್ತಿಗೆ ಅದು ಫ್ರೀಕ್ ಸ್ಟ್ರೀಟ್. ಒಂದು ಕಾಲಕ್ಕೆ ಇಲ್ಲಿ ಸರ್ಕಾರದ ಪರವಾನಗಿ ಪಡೆದ ಅಂಗಡಿಗಳಲ್ಲೇ ಚರಸ್, ಗಾಂಜಾ ಸಿಗುತ್ತಿತ್ತು. 1973ರಲ್ಲಿ, ಅಮೆರಿಕದ ಒತ್ತಡವೂ ಸೇರಿ, ಪರವಾನಗಿಗಳು ರದ್ದಾದವು. 1988ರಲ್ಲೇ ಪ್ರವಾಸಿಗರು ಊರಿನ ಇನ್ನೊಂದು ಬಡಾವಣೆ ಠಮೇಲ್‌ನತ್ತ ಸರಿದಿದ್ದರು. ನಮಗೆ ಸಿಕ್ಕಿದ್ದು ಕಡಿಮೆ ಬಾಡಿಗೆಯ ಕೋಣೆ, ಗೋಡೆಗಳ ಮೇಲೆ ಮಾಸಿದ ಸುರುಳಿ ಚಿತ್ತಾರಗಳು, 1965ರಿಂದ ನಡೆದುಬಂದ ಸ್ನೋಮ್ಯಾನ್ ಕೆಫೆಯ ಚಾಕೊಲೇಟ್ ಕೇಕು. ಒಂದು ಸಂಜೆ ನಮ್ಮಲ್ಲೊಬ್ಬ ಯಾರೋ ಕೊಟ್ಟದ್ದನ್ನು ಸೇದಿ, ಗೋಡೆ ಮೈಮೇಲೆ ಬರುತ್ತಿದೆಯೆಂದು ಬೆಳಗಿನವರೆಗೆ ನಡುಗಿದ. ಅವನ ಕೈ ಹಿಡಿದು ನಾನು ಕುಳಿತಿದ್ದೆ. ಆ ದಿನಗಳನ್ನು ಬಣ್ಣಿಸುವವರು ಹಾಡು, ಹೂವು, ಬಣ್ಣಗಳನ್ನು ನೆನೆಯುವಷ್ಟು, ಹೆರಾಯಿನ್‌ಗೆ ಸಿಕ್ಕಿ ಮನೆಗೆ ಮರಳದವರನ್ನು ನೆನೆಯುವುದಿಲ್ಲ. ನನಗೆ ಆ ಪೀಳಿಗೆಯ ಮೇಲೆ ಇರುವ ಪ್ರೀತಿ ಅವರು ಸೇದಿದ್ದಕ್ಕಲ್ಲ, ನೆಲದ ಮೇಲೆ, ಒಂದೊಂದು ಊರಿನ ಅನ್ನ ಉಂಡು, ತಿಂಗಳುಗಟ್ಟಲೆ ನಿಧಾನವಾಗಿ ಬಂದದ್ದಕ್ಕೆ.

2015ರ ಏಪ್ರಿಲ್ ಭೂಕಂಪದಲ್ಲಿ ನೆಲಸಮವಾಗಿದ್ದ ಹಳೆಯ ಮರದ ಮಂಟಪ, ಕಾಷ್ಠಮಂಟಪ, ಮತ್ತೆ ಎದ್ದುನಿಂತಿದೆ. ಅದನ್ನು ನೋಡಿಕೊಂಡು ಬೀದಿಗೆ ಬಂದು, ಬಟ್ಟೆಯ ಮೇಲೆ ಬರೆಯುವ ಬೌದ್ಧ ಥಂಕಾ ಚಿತ್ರಗಳ ಅಂಗಡಿಯೊಂದರ ಮುಂದೆ ನಿಂತೆ. ನನ್ನ ಕಥೆ ಕೇಳಿದ ವಯಸ್ಸಾದ ಅಂಗಡಿಕಾರರು ಒಳಗಿನ ಪೆಟ್ಟಿಗೆಯಿಂದ ಹಳೆಯ ಕ್ಯಾಲೆಂಡರೊಂದನ್ನು ತೆಗೆದರು. ನಮ್ಮೂರ ಕಿರಾಣಿ ಅಂಗಡಿಯ ಕ್ಯಾಲೆಂಡರಿನಂಥದೇ ನೀಲಿ ಕಂಠದ ಶಿವ, ಜಟೆಯಲ್ಲಿ ಗಂಗೆ. ಕೆಳಗೆ ಮಾತ್ರ ಚರಸ್ ಅಂಗಡಿಯ ಜಾಹೀರಾತು. ಶಿವನ ಮುಖಕ್ಕೆ ನುಸಿ ತಾಕದಂತೆ ಅವರು ಬೇವಿನ ಎಲೆ ಇಟ್ಟಿದ್ದರು.

ನಾನೂ ಭೂಪಟ ಬಿಡಿಸಿದೆ. ಪೆನ್ಸಿಲ್ ಗೆರೆಯನ್ನು ನೋಡಿ ಅವರು ತಲೆಯಾಡಿಸಿದರು, ಅಂಥವು ಅವರಿಗೆ ಹೊಸತಲ್ಲ. ನೀಲಿ ಗೆರೆಯ ಮೇಲೆ ಬೆರಳಿಟ್ಟು ಕೆಳಗಿಳಿಯುತ್ತಾ ಹೋಗಿ ಹುಬ್ಬಳ್ಳಿಯಲ್ಲಿ ನಿಂತರು.

“ಇದು ಎಷ್ಟು ದಿನದ ದಾರಿ?”

“ಒಂಬತ್ತು ದಿನ,” ಎಂದೆ.

ಅವರು ಸ್ಟೂಲು ಎಳೆದು ನನ್ನನ್ನು ಕೂರಿಸಿ, ಎರಡು ಚಹಾ ತರಲು ಮಗನನ್ನು ಕೂಗಿದರು.