ಬ್ಯುರೆಟ್ ಸಾರ್ ಮತ್ತು ಗುಲಾಬಿ ರಕ್ತ

ಜನವರಿಲಿ ಬ್ಯುರೆಟ್ ಸಾರ್ ಹೋಗ್ಬಿಟ್ರು ಅಂತ ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪಲ್ಲಿ ಮೆಸೇಜ್ ಬಂದಾಗ ನಾನು ರಾಯಚೂರಲ್ಲಿ ಏಣಿ ಮೇಲೆ ನಿಂತು ಲೈಟ್ ಕಟ್ತಾ ಇದ್ದೆ. ಸಂಜೆಗೆ ಶೋ ಇತ್ತು, ಮಣ್ಣಿಗೆ ಬರೋಕೆ ಆಗ್ಲಿಲ್ಲ, ಆ ಸಂಕಟ ಇನ್ನೂ ಹೋಗಿಲ್ಲ.

ಕೆಮಿಸ್ಟ್ರಿ ಹೇಳ್ತಿದ್ರು. ಲ್ಯಾಬಲ್ಲಿರೋ ಬ್ಯುರೆಟ್ ಅನ್ನೋ ಗಾಜಿನ ಕೊಳವೆ ಥರ ಉದ್ದಕ್ಕೆ ಸಣ್ಣಗೆ ಇದ್ರು ಅಂತ ನಮಗಿಂತ ಹಿಂದಿನ ಯಾವುದೋ ಬ್ಯಾಚು ಇಟ್ಟ ಹೆಸರು ಅದು, ಅವರಿಗೂ ಗೊತ್ತಿತ್ತು. ಅವರು ಹೇಳಿಕೊಟ್ಟ ಈಕ್ವೇಶನ್ ಒಂದೂ ನನಗೀಗ ನೆನಪಿಲ್ಲ, ಒಂದನ್ನ ಬಿಟ್ಟು.

ಅದು 1998ರ ಗ್ಯಾದರಿಂಗು. ನಾವು ಫಸ್ಟ್ ಪಿಯುಸಿ ಹುಡುಗರು ದುರ್ಯೋಧನನ ತೊಡೆ ಮುರಿಯೋ ನಾಟಕ ಮಾಡಿದ್ವಿ. ರಕ್ತ ನಿಜವಾಗ್ಲೂ ಬರಬೇಕು ಅಂತ ನನ್ನ ಹಟ. ಅಟೆಂಡರ್ ಊಟಕ್ಕೆ ಹೋದಾಗ ಲ್ಯಾಬಿಂದ, ಸುಣ್ಣದಂಥ ಕ್ಷಾರ ತಾಗಿದ್ರೆ ಗುಲಾಬಿ ಆಗೋ ಫಿನಾಫ್ಥಲೀನ್ ಬಾಟ್ಲಿ ಎತ್ಕೊಂಡು ಬಂದು ಪಂಚೆಗೆ ಹಾಕಿ ಒಣಗಿಸಿದ್ವಿ, ಒಣಗಿದ ಮೇಲೆ ಬಣ್ಣಾನೇ ಕಾಣಲ್ಲ, ಅಜ್ಜಿ ಎಲೆಗೆ ಹಾಕೋ ಸುಣ್ಣ ಕಲಸಿ ಅದರ ತಿಳಿ ಬಲೂನಿಗೆ ತುಂಬಿ ತೊಡೆಗೆ ಕಟ್ಟಿದ್ವಿ. ಭೀಮನ ಗದೆ ಬಿತ್ತು, ಬಲೂನ್ ಒಡೀತು, ಬಿಳಿ ಪಂಚೆ ಎಲ್ಲರ ಕಣ್ಣೆದುರೇ ಗುಲಾಬಿ ಆಗೋಯ್ತು. ಶಿಳ್ಳೆನೋ ಶಿಳ್ಳೆ. ಆದ್ರೆ ಗಾಂಧಾರಿ ಬಂದು ಅಳೋ ಹೊತ್ತಿಗೆ ರಕ್ತ ಪೂರ್ತಿ ಮಾಯ, ಪಂಚೆ ಮತ್ತೆ ಬೆಳ್ಳಗೆ! ಸಭೆ ಬಿದ್ದು ಬಿದ್ದು ನಕ್ತು.

ಮಾರನೇ ದಿನ ಸಾರ್ ಲ್ಯಾಬಿಗೆ ಕರೆಸಿದ್ರು. ಟಿಸಿ ಗ್ಯಾರಂಟಿ ಅಂದ್ಕೊಂಡು ಹೋದೆ. ಅವರು ಬಾಟ್ಲಿ ವಿಷಯಾನೇ ಎತ್ತಲಿಲ್ಲ. "ರಕ್ತ ಯಾಕೋ ಮಾಯ ಆಯ್ತು?" ಅಂದ್ರು. ಗೊತ್ತಿಲ್ಲ ಸಾರ್ ಅಂದೆ. ಗಾಳಿಲಿರೋ ಕಾರ್ಬನ್ ಡೈಆಕ್ಸೈಡ್ ಸುಣ್ಣದ ನೀರನ್ನ ಸೀಮೆಸುಣ್ಣ ಮಾಡಿಬಿಡುತ್ತೆ, ಕ್ಷಾರ ಹೋದ ಮೇಲೆ ಬಣ್ಣ ಎಲ್ಲಿ ನಿಲ್ಲುತ್ತೆ ಅಂತ ಬೋರ್ಡ್ ಮೇಲೆ ಬರೆದ್ರು. ನೆನಪಿರೋ ಈಕ್ವೇಶನ್ ಇದೇ. ಆಮೇಲೆ ಟಾರ್ಚಿಗೆ ಹಸಿರು ಜಿಲೆಟಿನ್ ಪೇಪರ್ ಸುತ್ತಿ, ಒಂದು ಬಟ್ಟೆಗೆ ಕೆಂಪು ಇಂಕು ಹಾಕಿ, ಕಿಟಕಿ ಎಲ್ಲಾ ಮುಚ್ಚಿ ತೋರಿಸಿದ್ರು. ಕೆಂಪು ಕಪ್ಪಗೆ, ಹೆಪ್ಪುಗಟ್ಟಿದ ರಕ್ತದ ಥರ ಕಾಣ್ತು. "ಬಣ್ಣ ಬಟ್ಟೆಲಿ ಮಾತ್ರ ಇರಲ್ಲ ಕಣೋ, ಬೆಳಕಲ್ಲೂ ಇರುತ್ತೆ" ಅಂದ್ರು. ನನ್ನ ದಾರಿ ಅವತ್ತೇ ನಿಕ್ಕಿ ಆಗಿತ್ತು ಅನ್ಸುತ್ತೆ. ಆ ವರ್ಷ ಊರಿಗೆ ಬಂದಿದ್ದ, ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಂನ ಊರೂರು ಸುತ್ತೋ ತಂಡ ತಿರುಗಾಟದ ನಾಟಕಕ್ಕೂ ಅವರೇ ಕರ್ಕೊಂಡು ಹೋದ್ರು, ಆ ಬೆಳಕು ನೋಡಿ ರಾತ್ರಿ ನಿದ್ದೆ ಬರಲಿಲ್ಲ.

ಅಪ್ಪ ಲೈನ್‌ಮನ್. ಮಗ ಎಲೆಕ್ಟ್ರಿಕಲ್ ಇಂಜಿನಿಯರ್ ಆಗಿ ಫ್ಯಾನ್ ಕೆಳಗೆ ಕೂರಬೇಕು, ಕಂಬ ಹತ್ತೋದು ನನಗೇ ಮುಗೀಲಿ ಅನ್ನೋದು ಅವರ ಒಂದೇ ಆಸೆ. 1999ರ ಸಿಇಟಿಲಿ ಸೀಟು ಸಿಗೋ ಅಷ್ಟು ರ‍್ಯಾಂಕೂ ಬಂತು, ಸೊಸೈಟಿಲಿ ಸಾಲ ಕೂಡ ತೆಗೆದಿದ್ರು. ಕೌನ್ಸೆಲಿಂಗಿಗೆ ಹೊರಡೋ ಹಿಂದಿನ ರಾತ್ರಿ ನಾನು ನಾಟಕ ಕಲಿಯೋಕೆ ಹೆಗ್ಗೋಡಿಗೆ ಹೋಗ್ತೀನಿ ಅಂದೆ. ಅಪ್ಪ ಬೈಲಿಲ್ಲ, ಹೊಡೀಲಿಲ್ಲ, ತಟ್ಟೆ ಮುಂದಿಂದ ಎದ್ದು ಹೋದ್ರು. ಅದನ್ನ ನೆನೆಸಿಕೊಂಡ್ರೆ ಈಗಲೂ ಹೊಟ್ಟೆಲಿ ಕಿವುಚಿದಂಗಾಗುತ್ತೆ.

ಬೆಳಗ್ಗೆ ಸಾರ್ ಸೈಕಲ್ಲಲ್ಲಿ ಮನೆಗೆ ಬಂದ್ರು, ನಾನೇ ಓಡಿಹೋಗಿ ಹೇಳಿದ್ದೆ. ನಾಟಕ ನಿರ್ದೇಶಕ ಬಿ.ವಿ. ಕಾರಂತರು ಹುಡುಗರಾಗಿದ್ದಾಗ ಮನೆ ಬಿಟ್ಟು ಗುಬ್ಬಿ ನಾಟಕ ಕಂಪನಿ ಸೇರಿದ್ದು, ಕಂಪನಿ ಯಜಮಾನ ವೀರಣ್ಣನವರೇ ಅವರನ್ನ ಓದೋಕೆ ಬನಾರಸ್ಸಿಗೆ ಕಳಿಸಿದ್ದು ಎಲ್ಲಾ ಹೇಳಿದ್ರು. ಹೆಗ್ಗೋಡಲ್ಲಿ ನಾಟಕ ಶಾಲೆ 1980ರಿಂದ ನಡೀತಿದೆ, ಅದನ್ನ ಕಟ್ಟಿದ ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿದೆ ಅಂದ್ರು. ಅಪ್ಪ ಎಲ್ಲಾ ಕೇಳಿ ಹೇಳಿದ್ದು ಇಷ್ಟೇ: "ಅವರಿಗೆ ಅಡಿಕೆ ತೋಟ ಇದೆ ಸಾರ್, ನನಗಿರೋದು ಏಣಿ ಒಂದೇ." ಸಾರ್ ಹತ್ರ ಅದಕ್ಕೆ ಉತ್ತರ ಇರಲಿಲ್ಲ. ಆದ್ರೂ ಸಾಗರದ ಬಸ್ಸಿಗೆ ದುಡ್ಡು ಕೊಟ್ಟು ಕಳಿಸಿದ್ದು ಅವರೇ.

ಇವತ್ತು ನೂರೈವತ್ತಕ್ಕೂ ಜಾಸ್ತಿ ನಾಟಕಕ್ಕೆ ಬೆಳಕು ಮಾಡಿದೀನಿ, ನಮ್ಮ ಬ್ಯಾಚಲ್ಲಿ ಮನಸ್ಸಿಗೆ ಬಂದ ಕೆಲಸಾನೇ ಮಾಡ್ತಿರೋನು ನೀನೊಬ್ಬನೇ ಅಂತ ಗೆಳೆಯರು ಹೇಳ್ತಾರೆ, ಕೇಳೋಕೆ ಹೆಮ್ಮೆ ಅನ್ಸುತ್ತೆ. ವರ್ಕ್‌ಶಾಪಿಗೆ ಅಂತ ಊರೂರಿನ ಪಿಯು ಕಾಲೇಜಿಗೂ ಹೋಗ್ತೀನಿ. ಮಕ್ಕಳಿಗೆ ಬೆಳಗ್ಗೆ ನೀಟ್ ಕೋಚಿಂಗ್, ಸಂಜೆ ಸಿಇಟಿ ಟೆಸ್ಟು. ಗ್ಯಾದರಿಂಗಲ್ಲಿ ನಾಟಕ ಇಲ್ಲ, ರೆಕಾರ್ಡೆಡ್ ಡ್ಯಾನ್ಸ್ ಅಷ್ಟೇ. ಲ್ಯಾಬಿಂದ ಬಾಟ್ಲಿ ಕದಿಯೋಕಾದ್ರೂ ಇವಕ್ಕೆ ಪುರುಸೊತ್ತು ಬೇಡ್ವಾ?

ಡಿಪ್ಲೊಮಾ ಮುಗಿಸಿ ನಾನೇ ತಿರುಗಾಟ ಸೇರಿದ ವರ್ಷ ನಮ್ಮೂರಲ್ಲೂ ಶೋ ಇತ್ತು. ಲೋಡ್ ಶೆಡ್ಡಿಂಗ್ ಕಾಲ, ಸಂಜೆ ಕರೆಂಟ್ ಯಾವಾಗ ಹೋಗುತ್ತೋ ಅನ್ನೋ ಭಯದಲ್ಲೇ, ಬೆಳಕು ಏರಿಸಿ ಇಳಿಸೋ ಡಿಮ್ಮರ್ ಮುಂದೆ ಕೂತಿದ್ದೆ. ಒಂದು ಸಲಾನೂ ಹೋಗ್ಲಿಲ್ಲ. ಸಾರ್ ಮುಂದಿನ ಸಾಲಲ್ಲಿದ್ರು, ಅವರ ಪಕ್ಕದ ಕುರ್ಚಿ ಖಾಲಿ ಇತ್ತು. ಅಪ್ಪ ಬರಲಿಲ್ಲ ಅಂತ ಎಷ್ಟೋ ವರ್ಷ ಮನಸ್ಸಲ್ಲೇ ಇಟ್ಕೊಂಡಿದ್ದೆ.

ಹೋದ ದಸರಾಕ್ಕೆ ಸಾರ್ ನೋಡೋಕೆ ಹೋಗಿದ್ನಲ್ಲ, ಆಗ ಹೇಳಿದ್ರು. ಅವತ್ತು ಟಿಕೆಟ್ ತಗೊಂಡು ಅಪ್ಪನ್ನ ಕರೆಯೋಕೆ ಮನೆಗೆ ಹೋಗಿದ್ರಂತೆ. ಅಪ್ಪ ಮನೇಲಿರಲಿಲ್ಲ. ಮಧ್ಯಾಹ್ನವೇ ಸಬ್‌ಸ್ಟೇಷನ್ನಿಗೆ ಹೋಗಿ, ನಾಟಕ ಮುಗಿಯೋ ತನಕ ನಮ್ಮ ಏರಿಯಾ ಲೈನ್ ತೆಗೀಬೇಡಪ್ಪಾ ಅಂತ ಆಪರೇಟರ್ ಹತ್ರ ಕೇಳ್ಕೊಂಡು, ರಾತ್ರಿ ಹತ್ತರ ತನಕ ಅಲ್ಲೇ ಬೆಂಚ್ ಮೇಲೆ ಕೂತಿದ್ರಂತೆ.